ಕ್ರೈನಮ್ ಬೆಳೆಸುವವರ ಕಾಲದ ಲೆಕ್ಕ

ಕ್ರೈನಮ್ ಬೀಜ ಮೊಳೆಯಲು ನೀರು ಕೇಳುವುದಿಲ್ಲ, ಮಣ್ಣನ್ನೂ ಕೇಳುವುದಿಲ್ಲ. ಕಾಯಿ ಒಡೆದು ಬಿದ್ದ ಬೀಜವನ್ನು ಮೇಜಿನ ಮೇಲಿಟ್ಟು ಮರೆತರೂ ಕೆಲವು ವಾರಗಳಲ್ಲಿ ಅದರ ಪಕ್ಕದಿಂದ ಬೆಳ್ಳನೆಯ ಎಳೆಯೊಂದು ಹೊರಟು ಕೆಳಕ್ಕೆ ಬಾಗುತ್ತದೆ. ಆ ಎಳೆಯ ತುದಿ ನಿಧಾನವಾಗಿ ಊದಿಕೊಂಡು ಪುಟ್ಟ ಗೆಡ್ಡೆಯಾಗುತ್ತದೆ. ಬೇಕಾದ ನೀರು, ಆಹಾರ ಎರಡೂ ಬೀಜದೊಳಗೇ ಇವೆ. ಅವರೆಗೋ ಹುಣಸೆಗೋ ಇರುವಂಥ ಸಿಪ್ಪೆ ಇದಕ್ಕಿಲ್ಲ. ಅಂಡಕವನ್ನು ಸುತ್ತುವರಿದು ಮುಂದೆ ಸಿಪ್ಪೆಯಾಗಬೇಕಾದ ಪದರವೇ ಈ ಕುಲದಲ್ಲಿ ಬೆಳೆಯುವುದಿಲ್ಲ. ಹಾಗಾಗಿ ಒಳಗಿನ ತಿರುಳೇ ಹೊರಮೈ. ಅದರಲ್ಲಿ ಪತ್ರಹರಿತ್ತೂ ಇರುವುದರಿಂದ ಬೀಜ ಹಸಿರಾಗಿ ಕಾಣುತ್ತದೆ. ಎರಡು ಮೂರು ಸೆಂಟಿಮೀಟರ್ ದಪ್ಪದ, ತೇವಭರಿತ, ಗಂಟುಗಂಟಾದ ಈ ಉಂಡೆಯನ್ನು ಮೊದಲ ಸಲ ಕಂಡವರು ಬೀಜವೆಂದು ನಂಬುವುದೇ ಕಷ್ಟ.

ಈ ಗಿಡದ ಚರಿತ್ರೆಯೆಲ್ಲ ಹುಟ್ಟಿದ್ದು ಇಲ್ಲಿಂದಲೇ ಎಂದು ನನ್ನ ನಂಬಿಕೆ. ಸಿಪ್ಪೆಯಿಲ್ಲದ ಬೀಜಕ್ಕೆ ಸುಪ್ತಾವಸ್ಥೆಯೂ ಇಲ್ಲ. ಒಣಗಿಸಿ, ಪೊಟ್ಟಣ ಕಟ್ಟಿ, ಮುಂದಿನ ವರ್ಷಕ್ಕೆಂದು ಅಂಗಡಿಯ ಗೂಟಕ್ಕೆ ನೇತುಹಾಕಲಾಗದು. ಬಿತ್ತಿದ ಬೀಜ ಹೂ ಬಿಡಲು ಸಾಮಾನ್ಯವಾಗಿ ಮೂರರಿಂದ ಐದು ವರ್ಷ. ಕೆಲವು ಜಾತಿಗಳಲ್ಲಿ ಇನ್ನೂ ಹೆಚ್ಚು. ಒಂದು ಗೆಡ್ಡೆ ಎರಡಾಗುವುದಕ್ಕೇ ಕೆಲವು ತಳಿಗಳು ಹಲವು ವರ್ಷ ತೆಗೆದುಕೊಳ್ಳುತ್ತವೆ. ಇಂಥ ಗಿಡದ ಮೇಲೆ ಬಂಡವಾಳ ಹೂಡಲು ದೊಡ್ಡ ಪುಷ್ಪೋದ್ಯಮಕ್ಕೆ ಆಸೆ ಹುಟ್ಟಲಿಲ್ಲ. ಗುಲಾಬಿಗೂ ಜರ್ಬೆರಾಕ್ಕೂ ಸಿಕ್ಕ ಪ್ರಯೋಗಾಲಯ, ತಳಿಹಕ್ಕು, ಮಾರುಕಟ್ಟೆ ಇದಕ್ಕೆ ಸಿಗಲಿಲ್ಲ. ಕ್ರೈನಮ್‌ನ ಒಳ್ಳೊಳ್ಳೆಯ ಮಿಶ್ರತಳಿಗಳಲ್ಲಿ ಬಹುಪಾಲು ಮನೆಯ ಹಿತ್ತಲಲ್ಲಿ ಹುಟ್ಟಿದವು. ಪಾದ್ರಿಗಳು, ಮೇಷ್ಟರು, ಪಶುವೈದ್ಯರು, ಇಂಜಿನಿಯರುಗಳು ಸಂಜೆ ಹೊತ್ತು ಕುಂಚ ಹಿಡಿದು ಮಾಡಿದ ಕೆಲಸ ಅದು.

ಗಿಡದ ಪರಿಚಯ ನಿಮಗಿಲ್ಲದೆ ಇಲ್ಲ. ಉದ್ಯಾನಗಳಲ್ಲಿ, ಕಚೇರಿಗಳ ಆವರಣದಲ್ಲಿ, ದೇವಸ್ಥಾನದ ಹೂದೋಟದಲ್ಲಿ ಸೊಂಟದೆತ್ತರಕ್ಕೆ ಅಗಲ ಎಲೆಗಳನ್ನು ಚಾಚಿ, ನಡುವಿನ ದಪ್ಪ ದಂಟಿನ ತುದಿಯಲ್ಲಿ ಉದ್ದ ಎಸಳಿನ ಬಿಳಿ ಹೂಗಳ ಗೊಂಚಲು ಹೊತ್ತು ನಿಲ್ಲುವುದು ಕ್ರೈನಮ್ ಏಷಿಯಾಟಿಕಮ್. ನಮ್ಮ ವೈದ್ಯರು ಸುದರ್ಶನ ಎನ್ನುವುದು ಇದನ್ನು ಮತ್ತು ಇದರ ಸೋದರಜಾತಿ ಲ್ಯಾಟಿಫೋಲಿಯಮ್ ಅನ್ನು. ಇದೇ ಹೋಲಿಕೆಯ ಇನ್ನೊಂದು ಗಿಡವೂ ನಮ್ಮ ತೋಟಗಳಲ್ಲಿ ಹೇರಳವಾಗಿದೆ, ಅಮೆರಿಕ ಖಂಡದಿಂದ ಬಂದ ಹೈಮೆನೊಕ್ಯಾಲಿಸ್. ಗುರುತು ಹಿಡಿಯುವುದು ಸುಲಭ: ಅದರ ಕೇಸರಗಳನ್ನು ಬುಡದಲ್ಲಿ ತೆಳುವಾದ ಬಿಳಿ ಬಟ್ಟಲೊಂದು ಜೋಡಿಸಿರುತ್ತದೆ, ಕ್ರೈನಮ್‌ನಲ್ಲಿ ಕೇಸರಗಳು ಬಿಡಿಬಿಡಿ. ಬೇಸಿಗೆ ಮಳೆಗೆ ಕೆಂಪಗೆ ಅರಳುವ ಹಿಪ್ಪಿಯಾಸ್ಟ್ರಮ್‌ನ ದಂಟು ಟೊಳ್ಳು, ಬೀಜ ಕಾಗದದಂತೆ ತೆಳ್ಳಗೆ ಕಪ್ಪಗೆ; ಕ್ರೈನಮ್ ದಂಟು ಗಟ್ಟಿ. ಮೂರೂ ಅಮರಿಲ್ಲಿಡೇಸೀ ಕುಟುಂಬದ ದಾಯಾದಿಗಳೇ.

ಆಫ್ರಿಕ, ಏಷ್ಯ, ಅಮೆರಿಕ, ಆಸ್ಟ್ರೇಲಿಯಗಳ ಬಿಸಿಪ್ರದೇಶಗಳಲ್ಲಿ ನೂರಕ್ಕೂ ಹೆಚ್ಚು ಕ್ರೈನಮ್ ಜಾತಿಗಳಿವೆ. ಏಷಿಯಾಟಿಕಮ್ ಕಡಲದಂಡೆಯದು; ಅದರ ಬೀಜದ ಹೊರಪದರ ಬೆಂಡಿನಂಥದಾದ್ದರಿಂದ ಉಪ್ಪುನೀರಲ್ಲಿ ತೇಲಿ ದ್ವೀಪದಿಂದ ದ್ವೀಪಕ್ಕೆ ಹೋಗುತ್ತದೆ. ದಕ್ಷಿಣ ಆಫ್ರಿಕದ ಆರೆಂಜ್ ನದಿ ಸೀಮೆಯ ಬಲ್ಬಿಸ್ಪರ್ಮಮ್ ಹಿಮಕ್ಕೂ ಜಿಗುಟು ಮಣ್ಣಿಗೂ ಹೆದರುವುದಿಲ್ಲ. ಅಲ್ಲಿನ ಮೂರೈಗೆ ಮರದ ನೆರಳೇ ಇಷ್ಟ. ಫ್ಲಾರಿಡಾದ ಅಮೆರಿಕಾನಮ್ ಜೌಗಿನಲ್ಲಿ ನಿಲ್ಲುತ್ತದೆ. ಕೆಲವುದರ ಹೂ ಜೇಡನ ಕಾಲುಗಳಂತೆ ಚೆದುರಿದ್ದರೆ ಕೆಲವುದರದ್ದು ಗಂಟೆಯಂತೆ ಬಾಗಿದ್ದು. ಕೆಲವು ಅಚ್ಚ ಬಿಳಿ, ಕೆಲವಕ್ಕೆ ಎಸಳಿನ ನಡುವೆ ಕೆಂಪು ಪಟ್ಟೆ. ಬಿಳಿ ಹೂಗಳು ಸಂಜೆಯ ಮೇಲೆ ಬಿರಿದು ಕಂಪು ಬೀರುತ್ತವೆ; ಬೆರಳುದ್ದದ ಹೂನಾಳದ ತಳದಲ್ಲಿರುವ ಮಕರಂದ ಎಟುಕುವುದು ಉದ್ದ ನಾಲಿಗೆಯ ಹಾಕ್ ಪತಂಗಗಳಿಗೆ. ಹೀಗೆ ಒಂದೊಂದು ಜಾತಿ ಒಂದೊಂದು ಗುಣ ಹಿಡಿದುಕೊಂಡಿದೆ. ಆದರೆ ಅವುಗಳ ನಡುವಿನ ಬೇಲಿ ಅಷ್ಟೇನೂ ಎತ್ತರದ್ದಲ್ಲ. ಸಾವಿರಾರು ಮೈಲಿ ದೂರದ ಎರಡು ಜಾತಿಗಳನ್ನು ಕೂಡಿಸಿದರೂ ಹಲವು ಸಲ ಕಾಯಿ ಕಟ್ಟುತ್ತದೆ. ಸಂಕರಕಾರರ ತಲೆ ಕೆಡಿಸಿದ್ದು ಈ ಔದಾರ್ಯವೇ.

ಅವರಲ್ಲಿ ಮೊದಲಿಗ ವಿಲಿಯಂ ಹರ್ಬರ್ಟ್. 1778ರಲ್ಲಿ ಹುಟ್ಟಿದ, ಶ್ರೀಮಂತ ಮನೆತನದ ಇಂಗ್ಲಿಷ್ ಪಾದ್ರಿ. ಯಾರ್ಕ್‌ಷೈರಿನ ಸ್ಪಾಫರ್ತ್ ಎಂಬ ಹಳ್ಳಿಯ ಚರ್ಚಿನ ಹೊಣೆ ಹೊತ್ತು, ಉಳಿದ ಹೊತ್ತನ್ನು ಗೆಡ್ಡೆಗಿಡಗಳಿಗೆ ಕೊಟ್ಟ. ಗಾಜಿನ ಮನೆಯೊಳಗೆ ಕ್ರೈನಮ್, ಹಿಪ್ಪಿಯಾಸ್ಟ್ರಮ್‌ಗಳನ್ನು ಒಂದರೊಡನೊಂದು ಕೂಡಿಸಿ ಏನಾಗುತ್ತದೆಂದು ದಶಕಗಳ ಕಾಲ ಬರೆದಿಟ್ಟ. 1837ರಲ್ಲಿ ಇಡೀ ಕುಟುಂಬದ ಮೇಲೆ ದೊಡ್ಡ ಗ್ರಂಥವನ್ನೇ ಹೊರತಂದ. ಅವನ ಹಿಂದಿನ ತಲೆಮಾರಿನ ಕೋಲ್‌ರಾಯ್ಟರ್, ಅವನ ಕಾಲದ ಗೆರ್ಟ್ನರ್ ಎಂಬ ದೊಡ್ಡ ಪ್ರಯೋಗಕಾರರು ಹೇಳಿದ್ದೇ ಬೇರೆ: ಎರಡು ಬೇರೆ ಜಾತಿಗಳು ಕೂಡಿದರೆ ಅಷ್ಟಿಷ್ಟಾದರೂ ಬಂಜೆತನ ಬಂದೇ ಬರುತ್ತದೆ, ಅದು ನಿಸರ್ಗದ ನಿಯಮ. ಹಾಗೇನಿಲ್ಲ, ಕೆಲವು ಮಿಶ್ರಸಂತಾನಗಳು ತಾಯ್ತಂದೆಗಳಷ್ಟೇ ಫಲವತ್ತು ಎಂದ ಹರ್ಬರ್ಟ್. ಅವನ ಪುರಾವೆಗಳಲ್ಲೊಂದು ಕ್ರೈನಮ್. ಆಗ ಕಾಪೆನ್ಸ್ ಎಂದು ಕರೆಯುತ್ತಿದ್ದ ಜಾತಿಗೆ ರೆವೊಲ್ಯೂಟಮ್‌ನ ಪರಾಗ ಸೋಕಿಸಿದಾಗ ಆ ಕಾಯಿಯ ಒಂದೊಂದು ಅಂಡಕವೂ ಗಿಡವಾಯಿತು. ಸ್ವಂತ ಪರಾಗದಿಂದಲೂ ಅಂಥ ಪೂರ್ಣ ಫಲ ಅವನು ಕಂಡಿರಲಿಲ್ಲ.

ಈ ಕಾಯಿ ಚಾರ್ಲ್ಸ್ ಡಾರ್ವಿನ್ನನ ಕಣ್ಣಿಗೆ ಬಿತ್ತು. 1859ರ ಅವನ ಜಾತಿಗಳ ಉಗಮದ ಪುಸ್ತಕದಲ್ಲಿ ಸಂಕರದ ಕುರಿತ ಅಧ್ಯಾಯವೊಂದಿದೆ. ಅಲ್ಲಿ ಹರ್ಬರ್ಟನ ಕ್ರೈನಮ್ ಹೆಸರುಹೇಳಿ ಬರುತ್ತದೆ. ಜಾತಿ ಜಾತಿಗಳ ನಡುವೆ ದಾಟಲಾಗದ ಗೋಡೆಯಿದೆ ಎಂಬ ಮಾತನ್ನು ಸಡಿಲಿಸುವುದು ಡಾರ್ವಿನ್ನನ ವಾದಕ್ಕೆ ಅಗತ್ಯವಾಗಿತ್ತು. ಹರ್ಬರ್ಟನಿಗೆ ಬೇರೆ ಫಲಿತಾಂಶ ಬಂದದ್ದೇಕೆ ಎಂಬುದಕ್ಕೆ ಡಾರ್ವಿನ್ ಕೊಡುವ ಕಾರಣ ಓದಿದಾಗಲೆಲ್ಲ ನನಗೆ ಸಂತೋಷವಾಗುತ್ತದೆ: ಹರ್ಬರ್ಟ್ ನುರಿತ ತೋಟಗಾರ, ಮೇಲಾಗಿ ಅವನ ಕೈಯಲ್ಲಿ ಬೆಚ್ಚನೆಯ ಗಾಜಿನ ಮನೆಗಳಿದ್ದವು. ಗಿಡ ನೆಮ್ಮದಿಯಾಗಿದ್ದರೆ ಮಾತ್ರ ಪ್ರಯೋಗ ನಿಜ ಹೇಳುತ್ತದೆ. ತೋಟಗಾರಿಕೆಯ ಕೈಗುಣವನ್ನು ವಿಜ್ಞಾನದ ಪುರಾವೆಯಾಗಿ ಒಬ್ಬ ಮಹಾವಿಜ್ಞಾನಿ ಹೀಗೆ ಎತ್ತಿಹಿಡಿದದ್ದು ಸಣ್ಣ ಸಂಗತಿಯಲ್ಲ. ಹರ್ಬರ್ಟ್ ಇದನ್ನು ನೋಡಲು ಇರಲಿಲ್ಲ, 1847ರಲ್ಲೇ ತೀರಿಕೊಂಡಿದ್ದ.

ಹರ್ಬರ್ಟ್ ಹೆಸರಿಟ್ಟ ಜಾತಿಗಳಲ್ಲಿ ಕ್ರೈನಮ್ ಕೇರಿಯಾನಮ್ ಎಂಬುದೊಂದಿದೆ. ಕನ್ನಡಿಗರು ಇಲ್ಲಿ ಸ್ವಲ್ಪ ನಿಲ್ಲಬೇಕು. ಆ ಕೇರಿ ಬೇರೆ ಯಾರೂ ಅಲ್ಲ, ಬಂಗಾಳದ ಶ್ರೀರಾಮಪುರದಲ್ಲಿ ನೆಲೆಸಿದ್ದ ಮಿಷನರಿ ವಿಲಿಯಂ ಕೇರಿ; 1817ರಲ್ಲಿ ಕನ್ನಡ ವ್ಯಾಕರಣವನ್ನು ಅಚ್ಚು ಹಾಕಿಸಿದವನು. ನಮ್ಮ ಸಾಹಿತ್ಯ ಚರಿತ್ರೆಯಲ್ಲಿ ಅವನ ಹೆಸರು ಬರುವುದು ಆ ವ್ಯಾಕರಣದಿಂದ. ಆದರೆ ಚಮ್ಮಾರಿಕೆಯಿಂದ ಬದುಕು ಆರಂಭಿಸಿದ ಈ ಮನುಷ್ಯನಿಗೆ ಭಾಷೆಗಳಷ್ಟೇ ಹುಚ್ಚು ಗಿಡಗಳದ್ದೂ ಇತ್ತು. ಶ್ರೀರಾಮಪುರದಲ್ಲಿ ಅವನು ಬೆಳೆಸಿದ ಸಸ್ಯತೋಟ ಹೆಸರಾಗಿತ್ತು. 1820ರಲ್ಲಿ ಭಾರತದ ಕೃಷಿ ಮತ್ತು ತೋಟಗಾರಿಕೆ ಸಂಘವನ್ನು ಕಟ್ಟಿದವನೂ ಅವನೇ. ಸಸ್ಯಶಾಸ್ತ್ರಜ್ಞ ರಾಕ್ಸ್‌ಬರ್ಗ್ ಬರೆದಿಟ್ಟು ಹೋಗಿದ್ದ ಭಾರತದ ಸಸ್ಯಗಳ ಗ್ರಂಥವನ್ನು ಸಂಪಾದಿಸಿ ಅಚ್ಚಿಗೆ ಕೊಟ್ಟವನೂ ಅವನೇ. 1823ರ ದಾಮೋದರ ನದಿಯ ನೆರೆ ಆ ತೋಟವನ್ನು ಕೊಚ್ಚಿಕೊಂಡು ಹೋಯಿತು. ಅರವತ್ತು ದಾಟಿದ್ದ ಕೇರಿ ಮತ್ತೆ ನೆಡತೊಡಗಿದ.

ಕಲ್ಕತ್ತಾದ ತೋಟಗಳಿಂದ ಇಂಗ್ಲೆಂಡಿಗೆ ಹಡಗಿನಲ್ಲಿ ಗಿಡ ಕಳಿಸುವುದು ಆಗ ದುಸ್ತರದ ಕೆಲಸ. ಉಪ್ಪುಗಾಳಿ, ತಿಂಗಳುಗಟ್ಟಲೆ ಕತ್ತಲೆ, ನೀರಿಲ್ಲ. ಎಲೆಗಿಡಗಳು ಸಾಯುತ್ತಿದ್ದವು, ಗೆಡ್ಡೆಗಳು ಬದುಕುತ್ತಿದ್ದವು. ಹರ್ಬರ್ಟನ ಕಾಲದ ಇಂಗ್ಲೆಂಡಿಗೆ ಅಷ್ಟೊಂದು ಭಾರತೀಯ ಕ್ರೈನಮ್‌ಗಳು ತಲುಪಿದ್ದಕ್ಕೆ ಕ್ರೈನಮ್‌ನ ಈ ಗಟ್ಟಿಜೀವವೂ ಕಾರಣ. ಲೋಕದ ಮೊದಲ ಕ್ರೈನಮ್ ಸಂಕರಗಳಲ್ಲಿ ನಮ್ಮ ನೆಲದ ರಕ್ತವೂ ಇದೆ.

ಆಮೇಲೆ ಈ ಹುಚ್ಚು ಹೆಚ್ಚಾಗಿ ಹಬ್ಬಿದ್ದು ಅಮೆರಿಕದ ದಕ್ಷಿಣ ಸೀಮೆಗೆ. ಫ್ಲಾರಿಡಾದಿಂದ ಟೆಕ್ಸಸ್‌ವರೆಗಿನ ಬಿಸಿ, ಸೆಕೆ, ಮಳೆ ಈ ಗಿಡಕ್ಕೆ ಹೇಳಿ ಮಾಡಿಸಿದಂತಿತ್ತು. ಅಲ್ಲಿನ ಹಳೆಯ ಹಳ್ಳಿಗಳಲ್ಲಿ ಮನೆ ಬಿದ್ದು ಹೋಗಿ ತಲೆಮಾರು ಕಳೆದಿದ್ದರೂ ಬಾಗಿಲಿದ್ದ ಜಾಗದ ಎರಡೂ ಕಡೆ ಕ್ರೈನಮ್ ಹೂ ಬಿಡುತ್ತಿರುತ್ತದೆ, ಸ್ಮಶಾನಗಳಲ್ಲಿಯೂ ಹಾಗೆಯೇ. ಬೇರುಗಳು ಕುಗ್ಗಿ ಗೆಡ್ಡೆಯನ್ನು ವರ್ಷವರ್ಷವೂ ಆಳಕ್ಕೆ ಎಳೆದುಕೊಳ್ಳುವುದರಿಂದ ಬರ, ಬೆಂಕಿ, ನೇಗಿಲು ಯಾವುದೂ ಅದನ್ನು ಸುಲಭಕ್ಕೆ ಮುಟ್ಟಲಾರದು. ಹಳೆಯ ಗೆಡ್ಡೆ ಹತ್ತು ಕಿಲೋ ದಾಟುವುದುಂಟು. ಲೈಕೊರಿನ್ ಎಂಬ ವಿಷಕ್ಷಾರ ಇರುವುದರಿಂದ ದನಗಳೂ ಮೂಸಿ ಬಿಡುತ್ತವೆ. ನೆರೆಮನೆಯಾಕೆಗೆ ಒಂದು ಮರಿಗೆಡ್ಡೆ, ಮದುವೆಯಾಗಿ ಹೋದ ಮಗಳಿಗೊಂದು, ಹೀಗೆಯೇ ಅಲ್ಲಿ ಈ ಗಿಡ ಊರಿಂದೂರಿಗೆ ಹೋದದ್ದು. ಅಂಗಡಿಯ ಮೂಲಕ ಹೋದದ್ದು ಕಡಿಮೆ.

ಹಾಗೆ ಹಬ್ಬಿದವುಗಳಲ್ಲಿ ಹರ್ಬರ್ಟಿ ಎಂಬ ಗುಂಪಿಗೆ ಅಲ್ಲಿಯ ಜನ ಹಾಲು-ದ್ರಾಕ್ಷಾರಸದ ಲಿಲ್ಲಿ ಎನ್ನುತ್ತಾರೆ: ಬಿಳಿ ಎಸಳು, ನಡುವೆ ಗಾಢ ಕೆಂಪು ಗೆರೆ. ಚಳಿಗೆ ಜಗ್ಗದ ಬಲ್ಬಿಸ್ಪರ್ಮಮ್ ಮತ್ತು ಕೆಂಪು ಪಟ್ಟೆಯ ಉಷ್ಣವಲಯದ ಜಾತಿಯೊಂದರ ಮಕ್ಕಳು ಇವು. ಬಲ್ಬಿಸ್ಪರ್ಮಮ್ಮನ್ನು ನೆರಳಿನ ಮೂರೈಗೆ ಕೂಡಿಸಿದ್ದರಿಂದ ಹುಟ್ಟಿದ ಪೊವೆಲಿಯೈ ಇಂಗ್ಲೆಂಡಿನ ಚಳಿಯಲ್ಲೂ ಬಯಲಿನಲ್ಲೇ ಬದುಕುತ್ತದೆ. ಫ್ಲಾರಿಡಾದ ಫ್ರೂಟ್‌ಲ್ಯಾಂಡ್ ಪಾರ್ಕ್ ಎಂಬಲ್ಲಿ ನೆಲೆಸಿದ್ದ ಲೂಯಿ ಪರ್ಸಿವಲ್ ಬೋಸಾಂಕೆ ತಾನು ಬೆಳೆಸಿದ ಗಾಢ ಗುಲಾಬಿ-ಕೆಂಪಿನ ತಳಿಗೆ ಹೆಂಡತಿಯ ಹೆಸರಿಟ್ಟ. ಎಲೆನ್ ಬೋಸಾಂಕೆ ಇಂದಿಗೂ ಅಲ್ಲಿನ ತೋಟಗಳ ಅಚ್ಚುಮೆಚ್ಚು. ಅದೇ ರಾಜ್ಯದ ಗೋಥಾದಲ್ಲಿದ್ದ ಹೆನ್ರಿ ನೆರ್ಲಿಂಗ್ ಶಾಲಾಮೇಷ್ಟರಾಗಿದ್ದವನು, ಪಕ್ಷಿಶಾಸ್ತ್ರಜ್ಞ. ಕೆಲೇಡಿಯಮ್‌ಗಳಿಗೆ ಹೆಸರಾದವನು, ಕ್ರೈನಮ್‌ಗಳನ್ನೂ ಸಂಕರಿಸಿದ. ಟೆಕ್ಸಸ್‌ನ ಸ್ಯಾನ್ ಆಂಟೋನಿಯೋದ ಥ್ಯಾಡ್ ಹೋವರ್ಡ್ ವೃತ್ತಿಯಿಂದ ಪಶುವೈದ್ಯ. ಬಿಡುವಿನಲ್ಲಿ ಮೆಕ್ಸಿಕೋದ ಗುಡ್ಡಗಳನ್ನು ಅಲೆದು ಗೆಡ್ಡೆಗಳನ್ನು ಹುಡುಕಿ, ಬೆಚ್ಚನೆಯ ಸೀಮೆಗಳಲ್ಲಿ ಬೆಳೆಸಬಹುದಾದ ಗೆಡ್ಡೆಗಿಡಗಳ ಬಗ್ಗೆ 2001ರಲ್ಲಿ ಪುಸ್ತಕವೊಂದನ್ನು ಬರೆದ. ಬಿಸಿನಾಡಿನ ತೋಟಗಾರರಿಗೆ ಯುರೋಪಿನ ಟ್ಯೂಲಿಪ್ ಪುಸ್ತಕಗಳಿಂದ ಆಗದ ಉಪಕಾರ ಅದರಿಂದ ಆಗುತ್ತದೆ. ಕ್ರೈನಮ್‌ನ ಪರಾಗ ಕುಲದ ಗಡಿಯನ್ನೂ ದಾಟಿದೆ. ಮೂರೈ ಮತ್ತು ಬೆಲ್ಲಡೊನ್ನ ಅಮರಿಲ್ಲಿಸ್‌ಗಳ ಕೂಸಾದ ಅಮರ್‌ಕ್ರೈನಮ್ ಇಟಲಿಯಲ್ಲೂ ಕ್ಯಾಲಿಫೋರ್ನಿಯಾದಲ್ಲೂ ಬೇರೆಬೇರೆಯಾಗಿ ಹುಟ್ಟಿತು.

ಕೈಕೆಲಸ ಹೇಗೆ ಎಂದು ಕೇಳುವವರಿಗೆ: ಬೇಕಾದದ್ದು ಚಿಮಟ, ಸಣ್ಣ ಕುಂಚ, ಬಣ್ಣದ ದಾರ, ನೋಟ್‌ಬುಕ್. ತಾಯಿಯಾಗಬೇಕಾದ ಹೂ ಸಂಜೆ ಅರಳುವ ಮುಂಚೆ, ಮೊಗ್ಗು ಉಬ್ಬಿ ತುದಿ ಸಡಿಲವಾಗಿರುವಾಗಲೇ ಎಸಳು ಬಿಡಿಸಿ ಆರೂ ಪರಾಗಕೋಶಗಳನ್ನು ತೆಗೆದುಬಿಡಬೇಕು. ಹಲವು ಕ್ರೈನಮ್‌ಗಳು ಸ್ವಂತ ಪರಾಗದಿಂದಲೇ ಕಾಯಿ ಕಟ್ಟುತ್ತವೆ. ಇದನ್ನು ಮಾಡದಿದ್ದರೆ ಐದು ವರ್ಷ ಸಾಕಿದ ಗಿಡ ಬರಿಯ ತಾಯಿಯ ಪ್ರತಿರೂಪವಾಗಿ ಹೊರಟೀತು. ರಾತ್ರಿ ಶಲಾಕಾಗ್ರ ಅಂಟಂಟಾದಾಗ ತಂದೆಗಿಡದ ಪರಾಗ ಸವರಿ, ಪತಂಗ ಮುಟ್ಟದಂತೆ ತೆಳುಬಟ್ಟೆಯ ಚೀಲ ಕಟ್ಟಿ, ದಾರ ಬಿಗಿಯಬೇಕು. ಎರಡೂ ಗಿಡ ಒಂದೇ ಹೊತ್ತಿಗೆ ಅರಳದಿದ್ದರೆ ಪರಾಗಕೋಶಗಳನ್ನು ಒಣಗಿಸಿ, ಸಿಲಿಕಾ ಜೆಲ್ ಪುಡಿಯೊಂದಿಗೆ ಸಣ್ಣ ಡಬ್ಬಿಯಲ್ಲಿ ಮುಚ್ಚಿ ಫ್ರಿಜ್ಜಿನಲ್ಲಿಟ್ಟರೆ ತಿಂಗಳುಗಟ್ಟಲೆ ಬಾಳುತ್ತದೆ. ಹೂದಂಟು ಕಾಯಿಯ ಭಾರಕ್ಕೆ ನೆಲಕ್ಕೊರಗಿದಾಗ ಗಾಬರಿ ಬೇಡ. ಅದು ಬೀಜ ಚೆಲ್ಲುವ ಕ್ರಮ. ಬಿದ್ದ ಬೀಜವನ್ನು ಹೂಳಬಾರದು, ನೀರು ಬಸಿಯುವ ಮಣ್ಣಿನ ಮೇಲೆ ಅರ್ಧ ಕೂರುವಂತೆ ಒತ್ತಿಟ್ಟರೆ ಸಾಕು. ಮೊಳಕೆ ತಾನೇ ದಾರಿ ಹುಡುಕಿಕೊಂಡು ಕೆಳಗಿಳಿಯುತ್ತದೆ.

ಅರಳಿದ ಚೆಂದದ ಮಿಶ್ರತಳಿ ಬಂಜೆಯಾಗಿರುವುದೂ ಉಂಟು. ಕ್ರೈನಮ್‌ನ ವರ್ಣತಂತುಗಳ ಮೂಲಸಂಖ್ಯೆ 11. ಹೆಚ್ಚಿನ ಜಾತಿಗಳಲ್ಲಿ 22 ಇರುತ್ತವೆ. ದೂರದ ಜಾತಿಗಳು ಕೂಡಿದಾಗ ತಾಯಿಯ 11 ಮತ್ತು ತಂದೆಯ 11 ಒಂದಕ್ಕೊಂದು ಜೋಡಿಯಾಗದೆ ಹೋದರೆ, ಅಥವಾ ಮಗುವಿಗೆ ಹನ್ನೊಂದರ ಮೂರು ಗುಂಪು ಬಂದು 33 ಆದರೆ, ಪರಾಗವೂ ಅಂಡಕವೂ ಸರಿಯಾಗಿ ರೂಪುಗೊಳ್ಳುವುದಿಲ್ಲ. ಆ ಸಾಲು ಅಲ್ಲಿಗೆ ನಿಂತಿತು; ಇನ್ನು ಮರಿಗೆಡ್ಡೆಗಳಿಂದಲೇ ಹಂಚಿಕೆ. ಅಂಥ ಬಂಜೆತಳಿ ಯಾರದೋ ಒಂದೇ ಹಿತ್ತಲಲ್ಲಿದ್ದು, ಮನೆಯವರು ಜಾಗ ಮಾರಿದರೆ ಲೋಕದಿಂದಲೇ ಹೋಗುತ್ತದೆ. ಹಾಗಾಗಿ ಕ್ರೈನಮ್ ಬೆಳೆಸುವವರ ಮೊದಲ ಕರ್ತವ್ಯ ಕೊಡುವುದು. ಒಂದು ಗೆಡ್ಡೆ ಮೂರು ಮನೆಯಲ್ಲಿದ್ದರೆ ಉಳಿದೀತು.

ನಮ್ಮಲ್ಲಿ ಮಳೆಗಾಲದ ಶತ್ರು ಬೇರೆ ಇದೆ. ಕಪ್ಪು ಮೈ, ಬಿಳಿ ಚುಕ್ಕೆ, ಕೆಂಪು ಗುರುತಿನ ಲಿಲ್ಲಿಹುಳು, ಪೊಲಿಟೆಲಾ ಗ್ಲೋರಿಯೊಸೆ ಎಂಬ ಪತಂಗದ ಮರಿ. ಲೈಕೊರಿನ್ ವಿಷ ಇದಕ್ಕೆ ಲೆಕ್ಕಕ್ಕಿಲ್ಲ. ಕ್ರೈನಮ್, ಗೌರಿಹೂ ಎರಡನ್ನೂ ತಿಂದು ಬಾಳುತ್ತದೆ. ಒಂದೆರಡು ದಿನದಲ್ಲಿ ಎಳೆಗಿಡವನ್ನು ಬೋಳಿಸುವಷ್ಟು ಹಸಿವು. ಬೆಳಗ್ಗೆ ಸಂಜೆ ಎಲೆಯಡಿ ನೋಡಿ ಕೈಯಿಂದಲೇ ಆರಿಸಿ ಸಾಬೂನು ನೀರಿಗೆ ಹಾಕುವುದಕ್ಕಿಂತ ಒಳ್ಳೆಯ ಉಪಾಯ ನನಗೆ ಕಂಡಿಲ್ಲ. ದೊಡ್ಡ ಗೆಡ್ಡೆಯಾದರೆ ಮತ್ತೆ ಚಿಗುರುತ್ತದೆ. ಒಂದು ವರ್ಷದ ಸಸಿ ಚಿಗುರದೆ ಹೋಗಬಹುದು.

ನನ್ನ ಒತ್ತಾಯ ಇರುವುದು ನಮ್ಮ ಕಾಡುಜಾತಿಗಳ ಬಗ್ಗೆ. ಮಹಾರಾಷ್ಟ್ರದ ಸಹ್ಯಾದ್ರಿಯಲ್ಲಿ ಮಳೆ ಹಿಡಿಯುವ ಹೊತ್ತಿಗೆ ಅರಳುವ ಬ್ರಾಕಿನೀಮಾ ಎಂಬ ಕ್ರೈನಮ್ ಇದೆ. ಕೇಸರದ ಎಳೆಗಳು ಗಿಡ್ಡ, ಕುಲದಲ್ಲೇ ಅಪರೂಪದ ರೂಪ. ಮಹಾಬಳೇಶ್ವರದ ವುಡ್ರೋವಿಯೈ ಸುಮಾರು ಒಂದು ಶತಮಾನ ಯಾರ ಕಣ್ಣಿಗೂ ಬೀಳದೆ ಮತ್ತೆ ಸಿಕ್ಕಿತು. 2012ರಲ್ಲಿ ಕೊಲ್ಹಾಪುರದ ಶಿವಾಜಿ ವಿಶ್ವವಿದ್ಯಾಲಯದ ಸಸ್ಯಶಾಸ್ತ್ರಜ್ಞರಾದ ಲೇಖಕ್ ಮತ್ತು ಯಾದವ್ ಹೊಸ ಜಾತಿಯೊಂದನ್ನು ವಿವರಿಸಿದರು, ಮಲಬಾರಿಕಮ್. ಸಿಕ್ಕಿದ್ದು ನಮ್ಮ ಕಾಸರಗೋಡು ಜಿಲ್ಲೆಯಲ್ಲಿ, ಹರಿವ ತೊರೆಯೊಳಗೆ ಬೇರೂರಿ ನಿಂತ ಜಲಸಸ್ಯ. ಕನ್ನಡ ಮಾತಾಡುವ ಊರುಗಳ ಅಷ್ಟು ಹತ್ತಿರ ಇಂಥದೊಂದು ಗಿಡ ಇಷ್ಟು ದಿನ ಹೆಸರಿಲ್ಲದೆ ಇತ್ತು. ತೊರೆಗೆ ಮರಳು ತೆಗೆಯುವ ಯಂತ್ರ ಇಳಿದರೆ ಅದರ ಗತಿ ಏನಾಗಬಹುದೆಂದು ತಿಳಿಯಲು ಥಾಯ್ಲೆಂಡಿನ ಕಡೆ ನೋಡಬೇಕು. ಅಲ್ಲಿನ ತೊರೆಗಳ ಜಲಕ್ರೈನಮ್ ಥಾಯಾನಮ್, ಹೂಳೆತ್ತುವ ಕೆಲಸದಿಂದಲೇ ಅಳಿವಿನಂಚಿಗೆ ಬಂದಿದೆ.

ಆದ್ದರಿಂದ ಕಾಡಿನಿಂದ, ಹೊಳೆದಂಡೆಯಿಂದ ಗೆಡ್ಡೆ ಅಗೆದು ತರುವುದು ಬೇಡವೇ ಬೇಡ. ಏಷಿಯಾಟಿಕಮ್ ನರ್ಸರಿಗಳಲ್ಲಿ ಸಿಗುತ್ತದೆ. ಉಳಿದವನ್ನು ಬೆಳೆಸಿದವರಿಂದಲೇ ಪಡೆಯಬೇಕು. ಮರಿಗೆಡ್ಡೆ ಕೇಳಿದರೆ ಇಲ್ಲವೆನ್ನುವ ಕ್ರೈನಮ್ ಪ್ರೇಮಿಗಳು ಕಡಿಮೆ. ಎರಡು ತಾಯ್ತಂದೆ ಸಿಕ್ಕರೆ ಕೆಲಸ ಶುರುಮಾಡಬಹುದು. ಏಷಿಯಾಟಿಕಮ್‌ನ ದೊಡ್ಡ ಎಲೆಗುಚ್ಛ ನಮ್ಮ ಬಿಸಿಲಿಗೆ ಒಗ್ಗಿದ್ದು, ಪಟ್ಟೆಯ ಜಾತಿಗಳ ಬಣ್ಣ ಅದಕ್ಕೆ ಸೇರಿದರೆ ಬಯಲುಸೀಮೆಯ ತೋಟಕ್ಕೂ ಹೊಂದುವ ತಳಿ ಬರಲು ಅಡ್ಡಿಯಿಲ್ಲ. ಆಗ್ನೇಯ ಏಷ್ಯದ ಕೆನ್ನೇರಳೆ ದಂಟಿನ ಅಮಾಬಿಲೆ ಅಂಥ ಕೂಡುವಿಕೆಯ ಫಲವೇ.

ಸಂಕರ ಮಾಡಿದ ದಿನ ನೋಟ್‌ಬುಕ್ಕಿನಲ್ಲಿ ತಾಯಿಯ ಹೆಸರನ್ನು ಮೊದಲು ಬರೆದು, ಗುಣಾಕಾರದ ಚಿಹ್ನೆ ಹಾಕಿ, ತಂದೆಯ ಹೆಸರನ್ನು ಆಮೇಲೆ ಬರೆಯುವುದು ವಾಡಿಕೆ. ಜೊತೆಗೆ ದಿನಾಂಕ, ಎಷ್ಟು ಕಾಯಿ, ಎಷ್ಟು ಬೀಜ, ಎಷ್ಟು ಮೊಳೆತವು. ಕಾಯಿ ಕಟ್ಟದ ಪ್ರಯತ್ನಗಳನ್ನೂ ಬರೆದಿಡಿ, ಮುಂದಿನವರಿಗೆ ಅದು ಕಾಯಿ ಕಟ್ಟಿದ್ದರಷ್ಟೇ ಉಪಯೋಗದ ಮಾಹಿತಿ. ಕುಂಡದೊಳಗಿನ ಚೀಟಿಗೆ ಪೆನ್ನು ಬೇಡ, ಶಾಯಿ ಬಿಸಿಲಿಗೆ ಮಾಸುತ್ತದೆ. ಪೆನ್ಸಿಲ್ ಗೆರೆ ಹೂ ಬಿಡುವವರೆಗೂ ನಿಲ್ಲುತ್ತದೆ. ಚೀಟಿ ಎರಡಿರಲಿ, ಒಂದನ್ನು ಮಣ್ಣಿನೊಳಗೆ ಗೆಡ್ಡೆಯ ಪಕ್ಕವೇ ಹೂತಿಡಿ.